ಐನೂರ ಐದು

ಹಗಲಿನಲ್ಲಿ ಈ ಕ್ಲಬ್ಬು ಬರೀ ಒಂದು ದೋಣಿ.
ಸಾವಾ ನದಿಯ ಮೇಲೆ ಉಕ್ಕಿನ ಹಗ್ಗ ಬಿಗಿದು ನಿಲ್ಲಿಸಿದ್ದು.
ನಿನ್ನೆಯ ಬಿಯರಿನ ವಾಸನೆ, ತಲೆಕೆಳಗಾದ ಕುರ್ಚಿಗಳು,
ಕಿಟಕಿಯಾಚೆ ಬೆಲ್‌ಗ್ರೇಡಿನ ಮಾರ್ಚ್ ತಿಂಗಳ ಬೂದು.

ನಾನು ಏಣಿಯ ಮೇಲೆ, ಹಲ್ಲಿನಲ್ಲಿ ಟಾರ್ಚು ಕಚ್ಚಿಕೊಂಡು.
ಹನ್ನೆರಡು ದೀಪಗಳಿಗೆ ವಿಳಾಸ ಕೊಡಬೇಕು
ಕತ್ತಲಾಗುವುದರೊಳಗೆ.
ಒಂದೊಂದರ ಬೆನ್ನಲ್ಲೂ ಅಕ್ಕಿಕಾಳಿನಷ್ಟು ಒಂಬತ್ತು ಗುಂಡಿಗಳು:
ಒಂದು, ಎರಡು, ನಾಲ್ಕು, ಎಂಟು,
ಹದಿನಾರು, ಮೂವತ್ತೆರಡು, ಹೀಗೇ ದುಪ್ಪಟ್ಟು.
ಉಗುರಿನಿಂದ ಮೇಲೆತ್ತಿದ್ದನ್ನೆಲ್ಲ ಕೂಡಿದರೆ ಮನೆ ನಂಬರು.
ಹನ್ನೆರಡನೆಯದಕ್ಕೆ ನೂರ ಎಪ್ಪತ್ತೇಳು.
ಸ್ವೆತೋಜಾರ್ ಕಲಿಸಿದ ಮಗ್ಗಿ ಇದು.

'ಕಂಪ್ಯೂಟರು ಹೇಳುತ್ತೆ, ದೀಪ ಕೇಳುತ್ತೆ,' ಅನ್ನುತ್ತಿದ್ದ,
'ಮರುಮಾತಿಲ್ಲ. ಕೇಳಿಸಿತು ಅಂತಲೂ ಹೇಳುವುದಿಲ್ಲ.
ಸುಟ್ಟುಹೋದರೂ ಹೇಳುವುದಿಲ್ಲ.
ಅದಕ್ಕೇ ನೀನು ಕತ್ತೆತ್ತಿ ನೋಡಬೇಕು, ಯಾಗೊದಾ.'
ಇಪ್ಪತ್ತಾರು ವರ್ಷ ಕತ್ತೆತ್ತಿ ನೋಡಿದ.
ಜನವರಿಯಲ್ಲಿ ತೀರಿಕೊಂಡ.
ಮಾಲೀಕ ಹೊಸ ಲ್ಯಾಪ್‌ಟಾಪು ಕೈಗಿತ್ತು ಹೇಳಿದ:
ಹಳೆಯದನ್ನೆಲ್ಲ ಅಳಿಸು, ಮೊದಲಿನಿಂದ ಶುರು ಮಾಡು.

ಅಳಿಸಿದೆ.
ಹೊಗೆ ಬಿಟ್ಟೆ. ಕೆಂಪು ಬಂತು, ನೀಲಿ ಬಂತು,
ಬಾತುಕೋಳಿಗಳ ಹಾಗೆ ಎಲ್ಲವೂ ಒಟ್ಟಿಗೆ ಕತ್ತು ತಿರುಗಿಸಿದವು.
ಹನ್ನೆರಡನೆಯದು ಮಾತ್ರ ಅದುರಿತು,
ಎಡಗಣ್ಣು ಅದುರುವ ಹಾಗೆ,
ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ.

ತಂತಿ ಬದಲಿಸಿದೆ. ಅದುರಿತು.
ವಿಳಾಸ ತಿದ್ದಿದೆ. ಅದುರಿತು.
ಹನ್ನೊಂದನೆಯದಕ್ಕೂ ಇದಕ್ಕೂ ಜಾಗ ಬದಲಿಸಿದೆ:
ಇದು ಸುಮ್ಮನಾಯಿತು, ಅದು ಅದುರಿತು.

ಅಂದರೆ ದೀಪದ ದೋಷವಲ್ಲ, ಕೊನೆಯ ದೋಷ.
ತಂತಿ ಮುಗಿದಲ್ಲಿ ಮಾತು ಗೋಡೆಗೆ ಬಡಿದು
ಬಂದ ದಾರಿಯಲ್ಲೇ ವಾಪಸು ಹೊರಟು
ಹಿಂದಿನಿಂದ ಬರುವ ಮಾತಿಗೆ ಡಿಕ್ಕಿ ಹೊಡೆಯುತ್ತದೆ.
ಅದನ್ನು ನುಂಗಿಕೊಳ್ಳಲು ಒಂದು ಬಿರಡೆ ಬೇಕು,
ನೂರಿಪ್ಪತ್ತು ಓಮಿನ, ಪಟ್ಟೆಪಟ್ಟೆಯ ಒಂದು ಕಾಳು.

ಸ್ವೆತೋಜಾರನ ತಂಬಾಕಿನ ಡಬ್ಬಿ ಹುಡುಕಿ ತೆಗೆದೆ. ಇತ್ತು.
ಅದರ ಕೆಳಗೆ ನಾಲ್ಕು ಮಡಿಕೆಯ ಚೀಟಿ, ದೀಪಗಳ ಪಟ್ಟಿ,
ಎಡಕ್ಕೆ ವಾಲಿದ ಅಕ್ಷರ. ಕಟ್ಟಕಡೆಗೆ
ಹೆಸರಿಲ್ಲದ ಒಂದು ಸಾಲು:
ಐನೂರ ಐದು. ತೊಂಬತ್ತು. ಮುಟ್ಟಬೇಡ.

ನನ್ನ ಲೆಕ್ಕದಲ್ಲಿ ಅಲ್ಲಿ ಯಾವ ದೀಪವೂ ಇಲ್ಲ.
ಮೆಲ್ಲಗೆ ಏರಿಸಿದೆ. ಮೂವತ್ತು. ಅರವತ್ತು.
ಹಾಲಿನಲ್ಲಿ ಏನೂ ಆಗಲಿಲ್ಲ.
ತೊಂಬತ್ತಕ್ಕೆ, ಕೋಟು ಕಾಯುವ ಕೋಣೆಯಿಂದ ದೆಸಂಕಾಳ ದನಿ:
'ಅಬ್ಬ, ಅಂತೂ ರಿಪೇರಿ ಮಾಡಿದಿರಾ!
ಚಳಿಗಾಲವೆಲ್ಲ ಕಪ್ಪು ಉಣ್ಣೆ ಮುಟ್ಟಿಲ್ಲ ನಾನು,
ಕಣ್ಣೇ ಹಿಡಿಯದು.'

ಹೋಗಿ ನೋಡಿದೆ. ಹ್ಯಾಂಗರುಗಳ ಹಿಂದೆ, ಜಾಮಿನ ಡಬ್ಬಿಯೊಳಗೆ
ಒಂದು ಹಳದಿ ಬಲ್ಬು.
ಬೆಳಕು ಕೋಟುಗಳ ಮೇಲಿಲ್ಲ, ಬಾಗಿಲಿಗೂ ಇಲ್ಲ.
ಅವಳ ಮಡಿಲಿಗೆ, ಎರಡು ಕಡ್ಡಿಗಳಿಗೆ, ಅಷ್ಟೆ.
ಡಿಮ್ಮರಿನ ಬೆನ್ನಲ್ಲಿ ಎರಡು, ನಾಲ್ಕು ಬಿಟ್ಟು ಎಲ್ಲ ಗುಂಡಿಯೂ ಮೇಲೆ.
'ಯಾರು ಹಾಕಿದ್ದು?'
'ಯಾರು ಅಂದರೆ? ಕ್ಲಬ್ಬಿನದೇ ಇರಬೇಕು.
ನಾನು ಬಂದ ಎರಡನೇ ವಾರದಿಂದ ಇದೆ.'

ಹೇಳೋಣವೆಂದು ಬಾಯಿ ತೆರೆದೆ.
ಕೈಯಲ್ಲಿ ಆ ಕಾಳು ಇತ್ತು.
ಏಣಿ ಹತ್ತಿ ಕೊನೆಯ ದೀಪಕ್ಕೆ ಸಿಕ್ಕಿಸಿದೆ.
ಅದುರು ನಿಂತಿತು.

ರಾತ್ರಿ ಮುನ್ನೂರು ಜನ. ಹಲಗೆ ನಡುಗುತ್ತದೆ.
ನದಿ ಏರಿದೆ; ಮಧ್ಯಾಹ್ನ ಸೇತುವೆಯ ಕಂಬಕ್ಕೆ
ಗುರಿಯಿಟ್ಟ ಬೆಳಕು ಈಗ ಒಂದು ಗೇಣು ಮೇಲೆ.
ನನ್ನ ಬೆರಳ ಕೆಳಗೆ ಎಲ್ಲವೂ ಸೊನ್ನೆಯಿಂದ ಇನ್ನೂರ ಐವತ್ತೈದಕ್ಕೆ
ಹಾರಿ, ಬಿದ್ದು, ಮತ್ತೆ ಹಾರುತ್ತವೆ.
ಒಂದು ಮಾತ್ರ ಯಾವ ಆಟಕ್ಕೂ ಸೇರದೆ
ತೊಂಬತ್ತರಲ್ಲಿ.
ಕತ್ತೆತ್ತಿ ನೋಡುತ್ತೇನೆ.
ನನ್ನ ಮೇಜಿನಿಂದ ಅದು ಕಾಣುವುದಿಲ್ಲ.